ಸೆರೆಶಿಬಿರದಲ್ಲಿ ಮೂಡಿದ ಮೇಳಗಾನ

ಸಂಗೀತವೆಂದರೆ ಬಲ್ಲವರು ಹಾಡುವುದು, ಉಳಿದವರು ಕೇಳುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಹತ್ತಾರು ಜನ ಕೂಡಿ ಹಾಡುವಾಗ ನೊಂದ ಮನಸ್ಸಿಗೆ ಒದಗುವ ಆಸರೆ ಬೇರೆಯೇ ಬಗೆಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸುಮಾತ್ರಾ ದ್ವೀಪದಲ್ಲಿ ನಡೆದ ಒಂದು ಪ್ರಸಂಗ ಈ ಮಾತಿಗೆ ಸಾಕ್ಷಿ.

1942ರ ಫೆಬ್ರವರಿಯಲ್ಲಿ ಸಿಂಗಪುರವು ಜಪಾನೀಯರ ವಶವಾಯಿತು. ಅಲ್ಲಿಂದ ಪಾರಾಗಲು ಹಡಗುಗಳನ್ನೇರಿದ ಅನೇಕರು ಬಾಂಕಾ ದ್ವೀಪದ ಬಳಿ ಬಾಂಬುಗಳಿಗೆ ಬಲಿಯಾದರು. ಬದುಕುಳಿದವರಲ್ಲಿ ಹಲವರು ಸೆರೆಸಿಕ್ಕರು. ಹೀಗೆ ಸಿಕ್ಕ ಸ್ತ್ರೀಯರನ್ನೂ ಮಕ್ಕಳನ್ನೂ ಸುಮಾತ್ರಾದ ಪಾಲೆಂಬಾಂಗ್ ಪಟ್ಟಣದ ಶಿಬಿರದಲ್ಲಿ ಇರಿಸಲಾಯಿತು. ಸುಮಾತ್ರಾದಲ್ಲಿಯೇ ನೆಲೆಸಿದ್ದ ಡಚ್ ಕುಟುಂಬಗಳ ಸ್ತ್ರೀಯರೂ ಅಲ್ಲಿಗೆ ಬಂದರು. ಉಣ್ಣಲು ಸಾಕಷ್ಟು ಅನ್ನವಿಲ್ಲ, ರೋಗಕ್ಕೆ ಔಷಧವಿಲ್ಲ. ಬೇರೆ ಶಿಬಿರಗಳಲ್ಲಿದ್ದ ಗಂಡಂದಿರ ಕ್ಷೇಮಸಮಾಚಾರವೂ ಇಲ್ಲ. ಇಷ್ಟು ಸಾಲದೆಂಬಂತೆ ಡಚ್ಚರಿಗೂ ಆಂಗ್ಲರಿಗೂ ನಡುವೆ ಭಾಷೆಯ ಗೋಡೆ.

ಆ ಶಿಬಿರದಲ್ಲಿ ಮಾರ್ಗರೆಟ್ ಡ್ರೈಬರ್ಗ್ ಎಂಬ ಕ್ರೈಸ್ತ ಶಿಕ್ಷಕಿಯೂ, ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಸಂಗೀತ ಕಲಿತಿದ್ದ ನೋರಾ ಚೇಂಬರ್ಸ್ ಎಂಬಾಕೆಯೂ ಇದ್ದರು. ವಾದ್ಯಗಳಿಲ್ಲದ ಕಡೆ ಕಂಠವನ್ನೇ ವಾದ್ಯವಾಗಿಸಬಾರದೇಕೆ ಎಂದು ಅವರು ಯೋಚಿಸಿದರು. ಡ್ವೋರಾಕ್, ಶೋಪಾನ್, ಬೀಥೋವನ್ ಮೊದಲಾದವರ ವಾದ್ಯರಚನೆಗಳನ್ನು ಡ್ರೈಬರ್ಗ್ ನೆನಪಿನಿಂದಲೇ ಸ್ವರಲಿಪಿಗಿಳಿಸಿದರು. ಇಬ್ಬರೂ ಸೇರಿ ಅವನ್ನು ನಾಲ್ಕು ಬಗೆಯ ಸ್ತ್ರೀಕಂಠಗಳಿಗೆ ಹೊಂದಿಸಿದರು. ಅದರಲ್ಲಿ ಸಾಹಿತ್ಯವಿರಲಿಲ್ಲ, ಬರಿಯ ಅಕಾರ, ಉಕಾರ, ಗುಂಜಾರವ. ಮಾತೇ ಇಲ್ಲದ ಕಾರಣ ಯಾವ ಭಾಷೆಯವಳೂ ಅಲ್ಲಿ ಹೊರಗಿನವಳಾಗಲಿಲ್ಲ.

1943ರ ಡಿಸೆಂಬರ್ 27ರಂದು ಸುಮಾರು 30 ಜನರ ಈ ಮೇಳ ಮೊದಲ ಬಾರಿಗೆ ಹಾಡಿತು. ನಿಲ್ಲಲು ತ್ರಾಣವಿಲ್ಲದುದರಿಂದ ಕುಳಿತೇ ಹಾಡಿದರು. ತಡೆಯಲೆಂದು ಬಂದ ಕಾವಲುಗಾರನೂ ಕೇಳುತ್ತ ನಿಂತನಂತೆ. ಆ ಹೊತ್ತು ಹಸಿವು, ಕೊಳಕು, ಬಂಧನ ಎಲ್ಲವೂ ಮರೆತು ತಾವು ಮತ್ತೆ ಮನುಷ್ಯರಾದೆವೆಂದು ಬದುಕಿ ಬಂದವರು ನೆನೆದಿದ್ದಾರೆ.

ಹಾಡು ಅನ್ನವಾಗಲಿಲ್ಲವೆಂಬುದನ್ನೂ ಮರೆಯಬಾರದು. ಯುದ್ಧ ಮುಗಿಯುವಷ್ಟರಲ್ಲಿ ಹಾಡುಗಾರ್ತಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಹಸಿವು, ರೋಗಗಳಿಂದ ತೀರಿಕೊಂಡಿದ್ದರು. ಒಂದೊಂದೇ ಕಂಠ ಅಡಗಿ ಮೇಳ ನಿಂತುಹೋಯಿತು. 1945ರ ಏಪ್ರಿಲ್‌ನಲ್ಲಿ ಡ್ರೈಬರ್ಗ್ ಕೂಡ ಕಣ್ಮುಚ್ಚಿದರು. ಆಂಟ್ವಾನೆಟ್ ಕೊಲೈನ್ ಎಂಬ ಡಚ್ ತರುಣಿ ಜೋಪಾನವಾಗಿಟ್ಟುಕೊಂಡಿದ್ದ ಸ್ವರಲಿಪಿಯ ಪ್ರತಿಗಳು 1980ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವನ್ನು ಸೇರಿದವು. ಮುಂದೆ ಬೇರೆ ಮೇಳಗಳು ಅವನ್ನು ಹಾಡತೊಡಗಿದವು.

ಆ ಸ್ತ್ರೀಯರಿಗೆ ಬಲ ಕೊಟ್ಟದ್ದು ಕೇವಲ ರಾಗಮಾಧುರ್ಯವಲ್ಲ. ನಾಳಿನ ಅಭ್ಯಾಸಕ್ಕೆ ತಾನು ಹೋಗದಿದ್ದರೆ ನಾಲ್ಕರಲ್ಲೊಂದು ಸ್ವರ ಬಡವಾಗುತ್ತದೆ, ತನಗಾಗಿ ಕಾಯುವವರಿದ್ದಾರೆ ಎಂಬ ಅರಿವು ಅದು. ‘ಪರಸ್ಪರೋಪಗ್ರಹೋ ಜೀವಾನಾಮ್’ ಎಂಬ ಸೂತ್ರವನ್ನು ನಾವು ಬಲ್ಲೆವು. ಅದನ್ನು ಕೇಳಿಯೂ ಇರದ ಸ್ತ್ರೀಯರು ಅದರಂತೆ ನಡೆದು ತೋರಿಸಿದರು.

ಇಂದು ಬಸದಿಗಳ ಉತ್ಸವಗಳಲ್ಲಿ ಧ್ವನಿಮುದ್ರಿತ ಭಜನೆ ಧ್ವನಿವರ್ಧಕದಿಂದ ಮೊಳಗುವುದುಂಟು. ಸ್ವರ ಶುದ್ಧವಾಗಿಯೇ ಇರುತ್ತದೆ. ಆದರೆ ಮಕ್ಕಳು ದೂರದ ಊರು ಸೇರಿದ ಮೇಲೆ ಮನೆಯಲ್ಲಿ ಒಬ್ಬರೇ ಉಳಿದ ವೃದ್ಧ ಶ್ರಾವಿಕೆಗೆ ಅಲ್ಲಿ ಕೆಲಸವೇನು? ವಾರಕ್ಕೊಂದು ಸಂಜೆ ಆಕೆಯನ್ನು ಕರೆದು ಹಾಡಿಸಲು ಟ್ರಸ್ಟಿಗೆ ಖರ್ಚು ಹೆಚ್ಚೇನೂ ತಗಲದು. ಕಂಠ ನಡುಗಿದರೆ ನಡುಗಲಿ. ಬಾರದ ದಿನ ಮನೆಗೆ ಹೋಗಿ ವಿಚಾರಿಸುವವರಿದ್ದರೆ ಸಾಕು.