ಬೆಕ್ಕಿನ ಸಾಕ್ಷಿ

ಕಳೆದ ತಿಂಗಳು ಹುಬ್ಬಳ್ಳಿಯಿಂದ ಅಕ್ಕ ಫೋನ್ ಮಾಡಿದ್ದಳು. “ತಮ್ಮಾ, ಮಿದುಳಿನ ಚಿತ್ರ ರೋಗಿಗೇ ತೋರಿಸಿ ಖಿನ್ನತೆ ಕಡಿಮಿ ಮಾಡ್ತಾರಂತ. ಗುಳಿಗೀನೂ ಬ್ಯಾಡಂತ. ನೀ ಎಂಜಿನಿಯರ್ ಅದೀಯಲ್ಲ, ಖರೇ ಏನು ಹೇಳು.” ಅವಳು ಕೇಳಿದ್ದು ತನ್ನ ಮಗನಿಗಾಗಿ. ಪುಣೆಯ ಮನೆಯಲ್ಲಿ ರಾತ್ರಿ ಹೊತ್ತು ಕೂತು ಈ ‘ನ್ಯೂರೋಫೀಡ್‌ಬ್ಯಾಕ್’ನ ಇತಿಹಾಸ ಓದಿದೆ.

1924ರಲ್ಲಿ ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದರು. ಇಂದಿನ ಇಇಜಿ ಹುಟ್ಟಿದ್ದು ಹೀಗೆ. ಆ ಅಲೆಗಳನ್ನು ನಾವೇ ಬದಲಿಸಬಹುದೆ? 1960ರ ದಶಕದಲ್ಲಿ ಲಾಸ್ ಏಂಜಲಿಸ್‌ನ ಬ್ಯಾರಿ ಸ್ಟರ್ಮನ್, ಬೆಕ್ಕುಗಳ ಮಿದುಳಿನಲ್ಲಿ ಒಂದು ನಿರ್ದಿಷ್ಟ ಲಯದ ಅಲೆ ಬಂದಾಗಲೆಲ್ಲ ಹಾಲು, ಕೋಳಿಸಾರು ಕೊಟ್ಟರು. ಬೆಕ್ಕುಗಳು ಆ ಅಲೆಯನ್ನು ಹೆಚ್ಚಿಸಲು ಕಲಿತವು. ಮುಂದೆ ಅವರು ರಾಕೆಟ್ ಇಂಧನದ ವಿಷಗುಣವನ್ನು ಪರೀಕ್ಷಿಸುವಾಗ, ಈ ತರಬೇತಿ ಪಡೆದ ಬೆಕ್ಕುಗಳಿಗೆ ಫಿಟ್ಸ್ ತಡವಾಗಿ ಬಂತು. ಬೆಕ್ಕಿಗೆ ಡಾಕ್ಟರ ಮೇಲೆ ನಂಬಿಕೆ ಇರುವುದಿಲ್ಲ. ಹಾಗಾಗಿ ಅದರ ಸಾಕ್ಷಿಗೆ ತೂಕ ಹೆಚ್ಚು. 1972ರಲ್ಲಿ, ಇಂಥದೇ ತರಬೇತಿಯಿಂದ ಅಪಸ್ಮಾರದ ರೋಗಿಯೊಬ್ಬರಿಗೆ ಫಿಟ್ಸ್ ಕಡಿಮೆಯಾದ ವರದಿ ಪ್ರಕಟವಾಯಿತು.

ತಲೆಯ ಮೇಲಿನ ತಂತಿಗಳಿಗೆ ಮಿದುಳಿನ ಆಳ ಸ್ಪಷ್ಟವಾಗಿ ಕಾಣುವುದಿಲ್ಲ. ಆ ದಾರಿ ತೆರೆದದ್ದು ಎಫ್‌ಎಂಆರ್‌ಐ. ರಕ್ತದ ಆಮ್ಲಜನಕದ ಏರಿಳಿತದಿಂದ ಮಿದುಳಿನ ಚಟುವಟಿಕೆಯನ್ನು ಊಹಿಸಬಹುದೆಂದು 1990ರಲ್ಲಿ ಸೇಜಿ ಒಗಾವಾ ತೋರಿಸಿದರು. ಕಂಪ್ಯೂಟರುಗಳು ವೇಗವಾದಂತೆ, ಒಳಗೆ ಮಲಗಿದವರಿಗೇ ಅದನ್ನು ಕೆಲವೇ ಸೆಕೆಂಡುಗಳಲ್ಲಿ ತೋರಿಸುವುದು ಸಾಧ್ಯವಾಯಿತು.

ಅಮೆರಿಕದಲ್ಲಿ ಕಿಂಬರ್ಲಿ ಯಂಗ್ ಮತ್ತು ತಂಡ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಖಿನ್ನತೆಯ 36 ರೋಗಿಗಳಿದ್ದರು. ಎಲ್ಲರೂ ಬದುಕಿನ ಒಳ್ಳೆಯ ನೆನಪುಗಳನ್ನು ತಂದುಕೊಂಡು, ಪರದೆಯ ಮೇಲಿನ ಪಟ್ಟಿಯನ್ನು ಏರಿಸಬೇಕು. 19 ಮಂದಿಗೆ ಆ ಪಟ್ಟಿ, ಭಾವನೆಗಳಲ್ಲಿ ಪಾತ್ರವಿರುವ ಅಮಿಗ್ಡಲಾದ ಚಟುವಟಿಕೆ ತೋರಿಸುತ್ತಿತ್ತು. ಉಳಿದ 17 ಮಂದಿಗೆ, ಅವರಿಗೆ ತಿಳಿಯದಂತೆ, ಮಿದುಳಿನ ಬೇರೊಂದು ಭಾಗದ್ದು. ಮೊದಲ ಗುಂಪಿನಲ್ಲಿ 12 ಮಂದಿಯ ಖಿನ್ನತೆಯ ಅಂಕ ಅರ್ಧಕ್ಕಿಂತ ಹೆಚ್ಚು ಇಳಿಯಿತು, ಎರಡನೆಯದರಲ್ಲಿ ಇಬ್ಬರದು.

ಅದೇ ವರ್ಷ ಆಸ್ಟ್ರಿಯದ ಸಾಲ್ಜ್‌ಬರ್ಗ್‌ನಿಂದ ಬೇರೆ ಸುದ್ದಿ ಬಂತು. ನಿದ್ರಾಹೀನತೆ ಇದ್ದವರಿಗೆ ಇಇಜಿ ತರಬೇತಿ ಕೊಟ್ಟಾಗ, ನಿಜವಾದ ತರಬೇತಿ ಪಡೆದವರೂ ಹುಸಿ ತರಬೇತಿ ಪಡೆದವರೂ ಒಂದೇ ಸಮನಾಗಿ “ನಿದ್ದೆ ಸುಧಾರಿಸಿದೆ” ಎಂದರು. ಯಂತ್ರ, ಪರದೆ, ಗಮನ ಕೊಡುವ ಸಿಬ್ಬಂದಿ, ಇಷ್ಟೇ ಮನುಷ್ಯನಿಗೆ ಅರ್ಧ ಮದ್ದು.

ನಮ್ಮ ವೃತ್ತಿಯಲ್ಲೂ ಬರೀ ಡೆಮೊ ನೋಡಿ ಸಹಿ ಹಾಕಿ ನಾನು ಕೈ ಸುಟ್ಟುಕೊಂಡಿದ್ದೇನೆ. ಅಕ್ಕನಿಗೆ ಎರಡು ಮಾತು ಹೇಳಿದೆ: “ಡಾಕ್ಟರನ್ನ ಕೇಳದೆ ಗುಳಿಗಿ ನಿಲ್ಲಿಸಬ್ಯಾಡ. ದುಡ್ಡು ಕಟ್ಟೋ ಮುಂಚೆ, ಹುಸಿ ತರಬೇತಿ ಕೊಟ್ಟವರಿಗಿಂತ ನಿಮ್ಮ ರೋಗಿಗಳು ಎಷ್ಟು ಹೆಚ್ಚು ಸುಧಾರಿಸ್ಯಾರ ಅಂತ ಕೇಳು.”

“ಹಂಗ ಕೇಳಿದ್ರ ಸಿಟ್ಟಾಗ್ತಾರೇನೋ” ಅಂದಳು. ಸಿಟ್ಟಾದರೆ ಎದ್ದು ಬಾ ಅಂದೆ.