ಅಪಧಮನಿಯ ಬ್ಯಾಕ್ಟೀರಿಯಾ ಸೋಂಕು ಮತ್ತು ಅಥೆರೋಸ್ಕ್ಲೆರೋಸಿಸ್

ರಕ್ತದ ಮೂಲಕ ಬಂದ ಬ್ಯಾಕ್ಟೀರಿಯಾಗಳು ಅಪಧಮನಿಯ ಗೋಡೆಯಲ್ಲಿ ನೆಲೆಯೂರಿ ಉಂಟುಮಾಡುವ ರೋಗದ ಕೆಲವು ರೂಪಗಳು ವೈದ್ಯರಿಗೆ ಬಹುಕಾಲದಿಂದ ಗೊತ್ತು. ಸಿಫಿಲಿಸ್ ರೋಗಾಣು ಮಹಾಪಧಮನಿಯ ಗೋಡೆಗೆ ರಕ್ತ ಒದಗಿಸುವ ಕಿರುನಾಳಗಳನ್ನು ಕೆಡಿಸುತ್ತದೆ. ಗೋಡೆ ಬಲಗುಂದಿ ಉಬ್ಬುತ್ತದೆ. ಸಾಲ್ಮೊನೆಲ್ಲ, ಸ್ಟ್ಯಾಫಿಲೊಕಾಕಸ್‌ಗಳೂ ಇಂಥ ಹಾನಿ ಮಾಡಬಲ್ಲವು. ಆದರೆ ಅಪಧಮನಿಯಲ್ಲಿ ಕೊಲೆಸ್ಟರಾಲ್ ಶೇಖರವಾಗಿ ದಾರಿ ಕಿರಿದಾಗುವ ಅಥೆರೋಸ್ಕ್ಲೆರೋಸಿಸ್‌ಗೂ ಸೋಂಕು ಕಾರಣವೇ ಎಂಬ ಪ್ರಶ್ನೆ ಇನ್ನೂ ಬಗೆಹರಿದಿಲ್ಲ.

ಈ ಪ್ರಶ್ನೆಗೆ ಹೊಸ ಬಲ ಬಂದದ್ದು 1988ರಲ್ಲಿ. ಉಸಿರಾಟದ ಸೋಂಕು ತರುವ, ಜೀವಕೋಶದ ಒಳಗೆ ಮಾತ್ರ ಬೆಳೆಯಬಲ್ಲ ಒಂದು ಬ್ಯಾಕ್ಟೀರಿಯಾದ ವಿರುದ್ಧದ ಪ್ರತಿಕಾಯಗಳು ಹೃದಯಾಘಾತವಾದವರ ರಕ್ತದಲ್ಲಿ ಹೆಚ್ಚಾಗಿವೆ ಎಂದು ಫಿನ್ಲೆಂಡಿನ ಪೆಕ್ಕಾ ಸೈಕ್ಕು ಮತ್ತು ಸಂಗಡಿಗರು ವರದಿ ಮಾಡಿದರು. ಮರುವರ್ಷ ಅದಕ್ಕೆ ಕ್ಲಮಿಡಿಯ ನ್ಯುಮೋನಿಯೆ ಎಂಬ ಹೆಸರು ಬಂತು. 1992ರಲ್ಲಿ ದಕ್ಷಿಣ ಆಫ್ರಿಕಾದ ಶವಪರೀಕ್ಷೆಗಳಲ್ಲಿ ಹೃದಯದ ಅಪಧಮನಿಗಳಲ್ಲಿ ಕಟ್ಟಿದ ಕೊಬ್ಬಿನಲ್ಲೇ ಅದು ಪತ್ತೆಯಾಯಿತು. ಸೋಂಕು ತಗುಲಿದ, ರೋಗಾಣುಗಳನ್ನು ನುಂಗುವ ರಕ್ಷಕ ಕೋಶಗಳಾದ ಮ್ಯಾಕ್ರೋಫೇಜ್‌ಗಳು ಹೆಚ್ಚು ಕೊಬ್ಬು ನುಂಗಿ ನೊರೆಕೋಶಗಳಾಗುವುದನ್ನು ಪ್ರಯೋಗಾಲಯಗಳು ಕಂಡವು. ಸೋಂಕು ತಗುಲಿಸಿದ ಮೊಲಗಳ ಮಹಾಪಧಮನಿಯ ಒಳಪದರವೂ ದಪ್ಪಗಟ್ಟಿತು.

ಇಷ್ಟಾದರೂ ಒಂದು ಸಂಶಯ ಉಳಿಯಿತು. ವಯಸ್ಕರಲ್ಲಿ ಬಹುಪಾಲು ಜನರಿಗೆ ಈ ಸೋಂಕು ಒಮ್ಮೆಯಾದರೂ ತಗುಲಿರುತ್ತದೆ. ಗಾಯಗೊಂಡ ಗೋಡೆಗೆ ಮ್ಯಾಕ್ರೋಫೇಜ್‌ಗಳು ಧಾವಿಸುವಾಗ ಅವುಗಳೊಳಗಿದ್ದ ಬ್ಯಾಕ್ಟೀರಿಯಾ ಜೊತೆಗೆ ಬಂದು ಸೇರಿಕೊಂಡಿರಬಹುದು. ಅಲ್ಲಿ ಸಿಕ್ಕಿತು ಎಂದಮಾತ್ರಕ್ಕೆ ಅದೇ ರೋಗ ತಂದಿತು ಎನ್ನಲಾಗದು.

ಆಂಟಿಬಯಾಟಿಕ್ ಚಿಕಿತ್ಸೆ ಕೊಟ್ಟು ನೋಡುವುದೊಂದೇ ನಿಜವಾದ ಒರೆಗಲ್ಲು. 1997ರ ಸಣ್ಣ ಪ್ರಯೋಗಗಳು ಭರವಸೆ ಮೂಡಿಸಿದ್ದವು. ದೊಡ್ಡವು ಅದನ್ನು ಅಳಿಸಿದವು. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 4,012 ಹೃದ್ರೋಗಿಗಳ ಪೈಕಿ ಅರ್ಧದಷ್ಟು ಮಂದಿ ವಾರಕ್ಕೊಮ್ಮೆಯಂತೆ ಒಂದು ವರ್ಷ ಅಜಿತ್ರೊಮೈಸಿನ್ ಸೇವಿಸಿದರು, ಪ್ರಯೋಜನ ಕಾಣಲಿಲ್ಲ. ಮರುವರ್ಷದ ಡೆನ್ಮಾರ್ಕ್ ಅಧ್ಯಯನದಲ್ಲಿ ಕ್ಲಾರಿತ್ರೊಮೈಸಿನ್ ಪಡೆದವರಲ್ಲಿ ಹೃದಯರೋಗದ ಸಾವುಗಳು ಹೆಚ್ಚೇ ಆಗಿದ್ದವು. ಸುಪ್ತ ಸ್ಥಿತಿಯ ಬ್ಯಾಕ್ಟೀರಿಯಾವನ್ನು ಈ ಔಷಧಗಳು ಕೊಲ್ಲಲಾರವು, ರೋಗ ಬಲಿತ ಮೇಲೆ ಕೊಟ್ಟದ್ದು ತಡವಾಯಿತು ಎಂಬ ಆಕ್ಷೇಪಗಳಿವೆ. ಅವು ತಕ್ಕವೇ, ಆದರೆ ಸಾಕ್ಷ್ಯದ ಸ್ಥಾನ ತುಂಬಲಾರವು.

ವಸಡಿನ ರೋಗದ ಬ್ಯಾಕ್ಟೀರಿಯಾಗಳ ಕುರಿತೂ ಇದೇ ಚರ್ಚೆ ನಡೆದಿದೆ. ನಂಟು ಇದೆ, ಕಾರಣತ್ವ ಸಾಬೀತಾಗಿಲ್ಲ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಹೇಳಿತು. ಈ ರೋಗದಲ್ಲಿ ಉರಿಯೂತದ ಪಾತ್ರ ಮಾತ್ರ ಗಟ್ಟಿಯಾಗಿದೆ: ಕೊಲೆಸ್ಟರಾಲನ್ನು ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸುವ ಕ್ಯಾನಾಕಿನುಮ್ಯಾಬ್ ಎಂಬ ಔಷಧ ಹೃದಯಾಘಾತಗಳನ್ನು ಕಡಿಮೆ ಮಾಡಿದ್ದನ್ನು 2017ರ ಅಧ್ಯಯನ ತೋರಿಸಿತು. ಹೃದಯಾಘಾತ ತಡೆಯಲೆಂದು ಆಂಟಿಬಯಾಟಿಕ್ ನುಂಗಲು ಈಗ ಯಾವ ಆಧಾರವೂ ಇಲ್ಲ.