ಸುಟ್ಟ ಬಂಗಲೆ, ಗಾರೆ ಕೆಲಸದ ಶಾಲೆ

ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೊದಿಂದ ದಕ್ಷಿಣಕ್ಕೆ ಸುಮಾರು 16 ಕಿ.ಮೀ. ಹೋದರೆ ಪೆನಿಕುಕ್ ಎಂಬ ಊರು ಸಿಗುತ್ತದೆ. ಅಲ್ಲಿ ಕ್ಲರ್ಕ್ ಮನೆತನದ ದೊಡ್ಡ ಕಲ್ಲಿನ ಬಂಗಲೆಯಿದೆ. ಗೋಡೆಗಳಿವೆ, ಮುಂದೆ ಕಂಬಗಳ ಸಾಲಿದೆ. ಮೇಲೆ ಸೂರಿಲ್ಲ. ಆದರೂ ಅದು ಬಿದ್ದಿಲ್ಲ. ಯಾಕೆ ಬಿದ್ದಿಲ್ಲ ಎಂಬ ಕತೆಯನ್ನೇ ನಾವು ಇವತ್ತು ಹೇಳಹೊರಟಿದ್ದೇವೆ.

ಜಮೀನ್ದಾರ ಸರ್ ಜೇಮ್ಸ್ ಕ್ಲರ್ಕ್ 1761ರಲ್ಲಿ ಇದರ ಕೆಲಸ ಶುರು ಮಾಡಿಸಿದ. ನಕ್ಷೆಯಲ್ಲಿ ಅವನದೇ ಕೈ, ಜೊತೆಗೆ ಜಾನ್ ಬ್ಯಾಕ್ಸ್‌ಟರ್ ಎಂಬ ಕಟ್ಟಡ ಪರಿಣತ. ಆಗಿನ ಸಿರಿವಂತರಿಗೆ ಹಳೇ ರೋಮಿನ ಕಟ್ಟಡಗಳೆಂದರೆ ಹುಚ್ಚು. ಅದಕ್ಕೇ ಈ ಕಂಬಗಳು, ಎಡಬಲ ಒಂದೇ ಅಳತೆ. 1772ರಲ್ಲಿ ಅಲೆಕ್ಸಾಂಡರ್ ರನ್ಸಿಮನ್ ಎಂಬ ಕಲಾವಿದ ಹಜಾರದ ಒಳಮಾಳಿಗೆಯ ತುಂಬ ಚಿತ್ರ ಬರೆದ.

ಈ ಮನೆತನಕ್ಕೆ ಕಲ್ಲಿದ್ದಲು ಗಣಿಗಳಿದ್ದವು. ಆಗ ಸ್ಕಾಟ್ಲೆಂಡಿನ ಗಣಿ ಕೂಲಿಗಳು ಕಾನೂನಿನ ಪ್ರಕಾರವೇ ಒಡೆಯನಿಗೆ ಕಟ್ಟುಬಿದ್ದವರು, ಜೀತದವರ ಹಾಗೆ. ಅವರಿಗೆ ಪೂರ್ತಿ ಬಿಡುಗಡೆ ಸಿಕ್ಕಿದ್ದು 1799ರಲ್ಲಿ. ಬಂಗಲೆಯ ಚಂದ ನೋಡುವಾಗ ಇದನ್ನು ಮರೆಯಬಾರದು.

ಪಕ್ಕದ ಕುದುರೆ ಲಾಯದ ಮೇಲೆ ಗುಮ್ಮಟದಂಥ ಪಾರಿವಾಳದ ಗೂಡಿದೆ. ಅದು 'ಆರ್ಥರ್ಸ್ ಊನ್' ಎಂಬ ರೋಮನ್ ಕಾಲದ ಕಟ್ಟಡದ ನಕಲು. ಅಸಲಿ ಕಟ್ಟಡವನ್ನು ಆ ಜಾಗದ ಒಡೆಯ 1743ರಲ್ಲಿ ಕೆಡವಿಸಿ, ಕಲ್ಲುಗಳನ್ನು ತನ್ನ ಗಿರಣಿಯ ಒಡ್ಡಿಗೆ ಹಾಕಿಸಿದ್ದ. ಹೋದದ್ದರ ನೆನಪಿಗೆ ಜೇಮ್ಸ್ ಈ ನಕಲು ಕಟ್ಟಿಸಿದ.

1899ರಲ್ಲಿ ಬಂಗಲೆಗೆ ಬೆಂಕಿ ಬಿತ್ತು. ಸೂರು ಹೋಯಿತು, ರನ್ಸಿಮನ್‌ನ ಚಿತ್ರಗಳೂ ಬೂದಿಯಾದವು. ಮನೆಯವರು ಬಂಗಲೆಯನ್ನು ಮತ್ತೆ ಕಟ್ಟಲಿಲ್ಲ. ಲಾಯವನ್ನೇ ಮನೆ ಮಾಡಿಕೊಂಡರು. ನೂರು ವರ್ಷಕ್ಕೂ ಹೆಚ್ಚು ಕಾಲ ಬರಿಗೋಡೆಗಳು ಮಳೆ, ಹಿಮಕ್ಕೆ ನೆನೆದವು.

2007ರಲ್ಲಿ ದುರಸ್ತಿ ಶುರುವಾಗಿ 2014ರ ಹೊತ್ತಿಗೆ ಮುಗಿಯಿತು. ಹೊಸ ಸೂರು ಹಾಕಲಿಲ್ಲ, ನಿಂತಿದ್ದನ್ನು ನಿಂತಂತೆಯೇ ಗಟ್ಟಿ ಮಾಡಿದರು. ಬಳಸಿದ್ದು ಸುಣ್ಣದ ಗಾರೆ. ಹಳೇ ಕಲ್ಲುಗೋಡೆಗೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ ಕಲ್ಲೇ ಉದುರುತ್ತದೆ. ಸುಣ್ಣವಾದರೆ ತೇವವನ್ನು ಹೊರಗೆ ಬಿಡುತ್ತದೆ.

ಆದರೆ ಸುಣ್ಣ ಹದ ಮಾಡಬಲ್ಲ ಕೈಗಳು ಅಲ್ಲೂ ಕಡಿಮೆ. ಆದ್ದರಿಂದ ದುರಸ್ತಿಯ ಜೊತೆಗೇ ಹೊಸಬರಿಗೆ ಕಲ್ಲುಕೆಲಸ, ಗಾರೆಕೆಲಸ ಕಲಿಸಿದರು. ಒಬ್ಬ ಒಡೆಯನ ದೊಡ್ಡಸ್ತಿಕೆಗೆಂದು ಎದ್ದ ಗೋಡೆಗಳು ಹೀಗೆ ಕೂಲಿ ಮಾಡಿ ಉಣ್ಣುವವರಿಗೆ ಕಸುಬು ಕಲಿಸಿದವು. ಹಳೇ ಕಟ್ಟಡ ಉಳಿಸಲು ದುಡ್ಡು ಬೇಕು, ನಿಜ. ಆದರೆ ಕೆಲಸ ಬಲ್ಲ ಕೈಗಳೇ ಇಲ್ಲದಿದ್ದರೆ ದುಡ್ಡು ಏನು ಮಾಡೀತು?